ಇಲ್ಲದವರ ಖಾತೆಗೆ ದಂಡ: ಒಂದು ಸಣ್ಣ ಇತಿಹಾಸ

ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಇತಿಹಾಸ ಬರೆಯುವಾಗ ಷೇರು ಬಂಡವಾಳ ಎಷ್ಟಿದ್ದದ್ದು ಎಷ್ಟಾಯಿತು, ಗೋದಾಮು ಯಾವಾಗ ಕಟ್ಟಿದೆವು, ಯಾರ ಯಾರ ಅಧ್ಯಕ್ಷತೆಯಲ್ಲಿ ಏನೇನು ನಡೆಯಿತು ಎಂದು ಹೇಳುವುದು ವಾಡಿಕೆ. ಆ ವಿವರಗಳೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ. ನಾವು ಇಲ್ಲಿ ಹೇಳಹೊರಟದ್ದು ಅದಕ್ಕಿಂತ ಸಣ್ಣ ವಿಷಯ. ಪಾಸ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ವಿಷಯ. ಆದರೆ ಆ ಒಂದು ಸಾಲಿನ ಹಿಂದೆ ನೂರೈವತ್ತು ವರ್ಷಗಳ ಕಥೆ ಇದೆ.

ಸಂಘದ ಕಟ್ಟೆಯ ಮೇಲೆ ಕೂತವರು ಈ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ: "ಅಕೌಂಟಿನ್ಯಾಗ ರೊಕ್ಕ ಇಲ್ಲಂತ ರೊಕ್ಕ ಕಟ್ ಮಾಡ್ಯಾರ ನೋಡ್ರಿ. ಇದ್ದಿದ್ರ ನಾ ಯಾಕ ಇಡ್ತಿರಲಿಲ್ಲ?" ಕೇಳಿದವರು ನಗುತ್ತಾರೆ. ಆದರೆ ಆ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇಲ್ಲ. ದುಡ್ಡು ಇಲ್ಲದವನಿಗೆ ದುಡ್ಡು ಇಲ್ಲವೆಂಬ ಕಾರಣಕ್ಕೇ ದಂಡ ಹಾಕಬಹುದೇ? ಹಾಕಿದರೆ ಎಷ್ಟು? ಹಾಕಿದ ಮೇಲೆ ಅದನ್ನು ವಾಪಸು ಕೇಳುವ ದಾರಿ ಇದೆಯೇ? ಈ ಮೂರು ಪ್ರಶ್ನೆಗಳಿಗೆ ಹಿಂದಿನವರು ಏನು ಉತ್ತರ ಕೊಟ್ಟರು ಎಂಬುದನ್ನು ನೋಡೋಣ.

ಸಾಹುಕಾರನ ವಹಿಯ ಕಾಲ

ಬ್ಯಾಂಕುಗಳು ಹಳ್ಳಿಗೆ ಬರುವ ಮುಂಚೆ ಸಾಹುಕಾರನ ವಹಿ ಇತ್ತು. ಆ ವಹಿಯಲ್ಲಿ ಏನು ಬರೆದಿದೆ ಎಂಬುದು ಬರೆದವನಿಗೆ ಗೊತ್ತು, ಹೆಬ್ಬೆಟ್ಟು ಒತ್ತಿದವನಿಗೆ ಗೊತ್ತಿಲ್ಲ. ಬಡ್ಡಿಗೆ ಬಡ್ಡಿ, ಅದಕ್ಕೊಂದು ಬಡ್ಡಿ ಸೇರಿ ಅಪ್ಪ ಮಾಡಿದ ಸಾಲ ಮೊಮ್ಮಗನವರೆಗೂ ಬರುತ್ತಿತ್ತು. ಹಾಗೆಂದು ಲಂಗುಲಗಾಮೇ ಇರಲಿಲ್ಲವೆಂದಲ್ಲ. ಹಳೆಯ ಹಿಂದೂ ಧರ್ಮಶಾಸ್ತ್ರದಲ್ಲಿ 'ದಾಮದುಪ್ಪಟ್' ಎಂಬ ಕಟ್ಟಳೆ ಇತ್ತು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬುದು ಅದರ ಸಾರ. ನೂರು ಕೊಟ್ಟವನು ಬಡ್ಡಿ ಸೇರಿಸಿ ಇನ್ನೂರರ ಮೇಲೆ ಕೇಳುವಂತಿಲ್ಲ. ಮುಂಬಯಿ ಇಲಾಖೆಯ ಕೋರ್ಟುಗಳು ಬ್ರಿಟಿಷರ ಕಾಲದಲ್ಲೂ ಈ ಕಟ್ಟಳೆಯನ್ನು ಮಾನ್ಯ ಮಾಡಿದ್ದವು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಅಂದು ಆ ಇಲಾಖೆಗೇ ಸೇರಿದ್ದವು.

ಆದರೆ ಕಟ್ಟಳೆ ಇದ್ದರೆ ಸಾಲದು, ಕೇಳುವವರೂ ಬೇಕು. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನೇ ಸುಟ್ಟರು. ಚರಿತ್ರೆಯಲ್ಲಿ ಇದಕ್ಕೆ ದಖ್ಖನ್ ದಂಗೆ ಎಂದು ಹೆಸರು. ಅವರ ಸಿಟ್ಟು ಹೆಚ್ಚಾಗಿ ತಿರುಗಿದ್ದು ಸಾಲದ ಕಾಗದದ ಮೇಲೆ. ಇದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಕಾಗದದಲ್ಲಿ ಬರೆದ ಮೊತ್ತವನ್ನೇ ನಂಬದೆ, ಲೆಕ್ಕವನ್ನು ಮೊದಲಿನಿಂದ ಬಿಚ್ಚಿ ನೋಡುವ ಅಧಿಕಾರ ಕೋರ್ಟಿಗೆ ದೊರೆಯಿತು. 'ಲೆಕ್ಕ ತೋರಿಸು' ಎಂದು ಸಾಲಗಾರ ಕೇಳಬಹುದೆಂಬುದನ್ನು ಕಾನೂನು ಒಪ್ಪಿತು.

ಅಲ್ಲಿಂದ ಮುಂದಿನ ಹೆಜ್ಜೆ ಸಹಕಾರ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಹುಟ್ಟುಹಾಕಿದರು. ದೇಶದ ಸಹಕಾರ ಚಳವಳಿಯ ಮೂಲಸ್ಥಾನಗಳಲ್ಲಿ ಅದು ಒಂದು. ಸಾಹುಕಾರನ ವಹಿಯ ಬದಲು ಎಲ್ಲರೂ ನೋಡಬಹುದಾದ ವಹಿ, ಒಬ್ಬನ ಮರ್ಜಿಯ ಬದಲು ಸರ್ವಸದಸ್ಯರ ಸಭೆ: ನಮ್ಮಂಥ ಸಂಘಗಳ ಹುಟ್ಟಿನ ಗುಟ್ಟೇ ಇದು.

ಎರಡಾಣೆಗೆ ಮನೆ ಬಾಗಿಲಿಗೆ ಬಂದ ಬ್ಯಾಂಕು

ಬ್ಯಾಂಕುಗಳ ಕಥೆಯಲ್ಲೂ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಆರಂಭಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಉಡುಪಿಯಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಅದರ ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಸಣ್ಣ ದುಡ್ಡಿಗೂ ಮರ್ಯಾದೆ ಇದ್ದ ಕಾಲ ಅದು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಈ ಎರಡೂ ಆ ಪಟ್ಟಿಯಲ್ಲಿದ್ದವು. ಆಮೇಲೆ ಹಳ್ಳಿ ಹಳ್ಳಿಗೆ ಶಾಖೆಗಳು ಬಂದವು.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಎರಡಾಣೆ ಎರಡಾಣೆ ಕೂಡಿಸಿ ದೊಡ್ಡದಾದ ಬ್ಯಾಂಕಿಂಗ್ ವ್ಯವಸ್ಥೆಯಲ್ಲಿ ಮುಂದೆ ಒಂದು ವಿಚಿತ್ರ ನಡೆಯಿತು. ಖಾತೆಯಲ್ಲಿ ಇಷ್ಟು ದುಡ್ಡು ಇರಲೇಬೇಕು, ಇಲ್ಲದಿದ್ದರೆ ಅದರಲ್ಲೇ ಇಷ್ಟು ಮುರಿದುಕೊಳ್ಳುತ್ತೇವೆ ಎಂಬ ಪದ್ಧತಿ ಬಂತು. ಹನಿ ಹನಿ ಹೋದರೂ ಹಳ್ಳವೇ, ಆದರೆ ಅದು ಬತ್ತಿದ ಹಳ್ಳ.

ರಿಸರ್ವ್ ಬ್ಯಾಂಕು ಇದನ್ನು ಕಾಣದೆ ಕೂತಿರಲಿಲ್ಲ. 2005ರಲ್ಲಿ ಶೂನ್ಯ ಅಥವಾ ತೀರ ಕಡಿಮೆ ಬಾಕಿಯ ಸರಳ ಖಾತೆಗಳನ್ನು ತೆರೆಯುವಂತೆ ಬ್ಯಾಂಕುಗಳಿಗೆ ಹೇಳಿತು. 2012ರ ಆಗಸ್ಟಿನಲ್ಲಿ ಅದನ್ನು 'ಮೂಲ ಉಳಿತಾಯ ಖಾತೆ' ಎಂದು ಬದಲಿಸಿ, ಕನಿಷ್ಠ ಬಾಕಿಯ ಷರತ್ತನ್ನೇ ತೆಗೆದುಹಾಕಿತು. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಖಾತೆಗಳೂ ಇದೇ ಜಾತಿಯವು. ಆದರೆ ಅದಕ್ಕೂ ಮೊದಲೇ ಸಾದಾ ಖಾತೆ ತೆರೆದವರು ಹಳೆಯ ಷರತ್ತಿನಲ್ಲೇ ಉಳಿದರು. ಎರಡು ಬಗೆಯ ಖಾತೆಗಳಿಗೆ ಏನು ವ್ಯತ್ಯಾಸವೆಂದು ಅವರಿಗೆ ಯಾರೂ ತಿಳಿಸಿ ಹೇಳಲಿಲ್ಲ.

ಸಾದಾ ಖಾತೆಯವರ ಸಲುವಾಗಿ 2015ರ ಏಪ್ರಿಲ್ 1ರಿಂದ ಬೇರೆ ನಿಯಮಗಳು ಜಾರಿಗೆ ಬಂದವು. ಬಾಕಿ ಕಡಿಮೆಯಾದರೆ ಬ್ಯಾಂಕು ಮೊದಲು ಎಸ್‌ಎಂಎಸ್, ಪತ್ರ ಅಥವಾ ಇನ್ನಾವುದಾದರೂ ರೀತಿಯಲ್ಲಿ ತಿಳಿಸಬೇಕು. ತುಂಬಿಕೊಳ್ಳಲು ಒಂದು ತಿಂಗಳು ಕೊಡಬೇಕು. ದಂಡವು ಎಷ್ಟು ಕಡಿಮೆಯಾಗಿದೆಯೋ ಅದಕ್ಕೆ ಅನುಗುಣವಾಗಿರಬೇಕು. ದಂಡ ಹಾಕಿ ಹಾಕಿ ಖಾತೆಯನ್ನು ಸೊನ್ನೆಯಿಂದ ಕೆಳಕ್ಕೆ ಇಳಿಸಬಾರದು. ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡ ಹಾಕುವಂತೆಯೇ ಇಲ್ಲ. ಸದಸ್ಯ ಬಾಂಧವರು ಈ ಐದು ಮಾತುಗಳನ್ನು ನೆನಪಿಡಬೇಕು. ವಾಪಸು ಕೇಳುವ ಹಕ್ಕು ಹುಟ್ಟುವುದೇ ಇಲ್ಲಿಂದ.

2017ರ ದಂಡ, 2020ರ ಮಾಫಿ

2017ರ ಏಪ್ರಿಲ್ 1ರಂದು ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಅದೇ ದಿನ ಸ್ಟೇಟ್ ಬ್ಯಾಂಕು ಕನಿಷ್ಠ ಬಾಕಿಯ ದಂಡವನ್ನು ಮತ್ತೆ ಜಾರಿಗೆ ತಂದಿತು. ಹಳ್ಳಿಯ ಶಾಖೆಗಳಲ್ಲಿ ತಿಂಗಳ ಸರಾಸರಿ 1,000 ರೂಪಾಯಿ ಇರಬೇಕಿತ್ತು. ಆ ವರ್ಷ ಏಪ್ರಿಲಿನಿಂದ ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ ಈ ಬಾಬಿನಲ್ಲಿ ಬ್ಯಾಂಕಿಗೆ ಬಂದದ್ದು ಸುಮಾರು 1,771 ಕೋಟಿ ರೂಪಾಯಿ. ಅದೇ ವರ್ಷದ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದ ಬ್ಯಾಂಕಿನ ನಿವ್ವಳ ಲಾಭಕ್ಕಿಂತ ಈ ಮೊತ್ತವೇ ದೊಡ್ಡದು. ಈ ಅಂಕಿ ಹೊರಬಂದಾಗ ದೇಶದ ತುಂಬ ಗದ್ದಲವಾಯಿತು.

ಗದ್ದಲ ವ್ಯರ್ಥವಾಗಲಿಲ್ಲ. 2017ರ ಅಕ್ಟೋಬರಿನಲ್ಲೇ ಪಿಂಚಣಿದಾರರು ಮತ್ತು ಅಪ್ರಾಪ್ತ ವಯಸ್ಕರ ಖಾತೆಗಳಿಗೆ ವಿನಾಯಿತಿ ದೊರೆತಿತ್ತು. 2018ರ ಏಪ್ರಿಲಿನಿಂದ ಹಳ್ಳಿಯ ಶಾಖೆಗಳಲ್ಲಿ ತಿಂಗಳ ಗರಿಷ್ಠ ದಂಡ 40 ರೂಪಾಯಿಯಿಂದ 10 ರೂಪಾಯಿಗೆ ಇಳಿಯಿತು. 2020ರ ಮಾರ್ಚಿನಲ್ಲಿ ಎಲ್ಲ ಉಳಿತಾಯ ಖಾತೆಗಳಿಗೂ ದಂಡ ಮಾಫಿಯಾಯಿತು. ಉಳಿದ ಬ್ಯಾಂಕುಗಳಲ್ಲಿ ಪದ್ಧತಿ ಮುಂದುವರಿಯಿತು. 2023-24ಕ್ಕೆ ಮುಗಿದ ಐದು ವರ್ಷಗಳಲ್ಲಿ ಸರ್ಕಾರಿ ವಲಯದ ಬ್ಯಾಂಕುಗಳು ಈ ಬಾಬಿನಲ್ಲಿ ಸುಮಾರು 8,500 ಕೋಟಿ ರೂಪಾಯಿ ವಸೂಲು ಮಾಡಿದವೆಂದು ಸಂಸತ್ತಿಗೆ ತಿಳಿಸಲಾಯಿತು. 2025ರ ಜೂನ್ 1ರಿಂದ ಕೆನರಾ ಬ್ಯಾಂಕು ಎಲ್ಲ ಉಳಿತಾಯ ಖಾತೆಗಳಿಗೂ ಇದನ್ನು ಕೈಬಿಟ್ಟಿತು. ಅದರ ಬೆನ್ನಿಗೆ ಇನ್ನೂ ಕೆಲವು ಸರ್ಕಾರಿ ವಲಯದ ಬ್ಯಾಂಕುಗಳು ಅದೇ ಹಾದಿ ಹಿಡಿದವು.

ಒಂದು ಮಾತನ್ನು ಮರೆಯಬಾರದು. ದಂಡ ಮುಂದಕ್ಕೆ ನಿಂತಿತೇ ಹೊರತು, ಹಿಂದೆ ಮುರಿದುಕೊಂಡದ್ದು ತಾನಾಗಿ ಯಾರ ಖಾತೆಗೂ ಮರಳಿ ಬರಲಿಲ್ಲ. ಮಾಫಿ ಬೇರೆ, ವಾಪಸು ಬೇರೆ.

ಇಂಗ್ಲೆಂಡಿನಲ್ಲಿ ನಡೆದ ದಾವೆ

ವಾಪಸು ಕೇಳುವ ವಿಷಯದಲ್ಲಿ ಒಂದು ದೊಡ್ಡ ಹೋರಾಟ ನಡೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ಬ್ಯಾಂಕುಗಳು ಖಾತೆಯಲ್ಲಿ ಹಣ ಸಾಲದೆ ಚೆಕ್ಕು ಮರಳಿದರೆ ಅಥವಾ ಬಾಕಿ ಸೊನ್ನೆಯ ಕೆಳಗೆ ಹೋದರೆ ಒಂದೊಂದು ಸಲಕ್ಕೂ ದಂಡ ಮುರಿಯುತ್ತಿದ್ದವು. 2006ನೇ ಇಸವಿ ಒಂದರಲ್ಲೇ ಇಂಥ ಶುಲ್ಕಗಳಿಂದ ಬಂದ ಆದಾಯ ಸುಮಾರು 260 ಕೋಟಿ ಪೌಂಡು ಎಂದು ಅಲ್ಲಿನ ನ್ಯಾಯಯುತ ವ್ಯಾಪಾರ ಕಚೇರಿ ಲೆಕ್ಕ ಹಾಕಿತು. ಸಾವಿರಾರು ಜನ ಪತ್ರ ಬರೆದು, ದಾವೆ ಹೂಡಿ ಹಣ ವಾಪಸು ಕೇಳತೊಡಗಿದರು. ಅನೇಕರಿಗೆ ಬ್ಯಾಂಕುಗಳು ಕೋರ್ಟಿಗೆ ಹೋಗುವ ಮೊದಲೇ ಕೊಟ್ಟು ಕೈತೊಳೆದುಕೊಂಡವು.

2007ರ ಜುಲೈನಲ್ಲಿ ಆ ಕಚೇರಿಯೂ ಬ್ಯಾಂಕುಗಳೂ ಸೇರಿ ಒಂದು ಮಾದರಿ ದಾವೆಯನ್ನು ಕೋರ್ಟಿನ ಮುಂದಿಟ್ಟವು. ಅದು ತೀರ್ಮಾನವಾಗುವ ತನಕ ದೂರುಗಳನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಅನುಮತಿ ಸಿಕ್ಕಿತು. ಆದರೆ ತೀವ್ರ ಹಣಕಾಸಿನ ಕಷ್ಟದಲ್ಲಿರುವವರ ದೂರನ್ನು ಮಾತ್ರ ತಡೆಹಿಡಿಯುವಂತಿರಲಿಲ್ಲ. ಅದನ್ನು ಕೂಡಲೇ ನೋಡಬೇಕಿತ್ತು. 2009ರ ನವೆಂಬರ್ 25ರಂದು ಅಲ್ಲಿನ ಸುಪ್ರೀಂ ಕೋರ್ಟು ಬ್ಯಾಂಕುಗಳ ಪರವಾಗಿ ತೀರ್ಪು ಕೊಟ್ಟಿತು. ಈ ಶುಲ್ಕಗಳು ಬ್ಯಾಂಕಿನ ಸೇವೆಗೆ ತೆರುವ ಬೆಲೆಯ ಭಾಗ. ಆದ್ದರಿಂದ ಅವು ಹೆಚ್ಚೋ ಕಡಿಮೆಯೋ ಎಂಬುದನ್ನು ಆ ನಿಯಮದ ಅಡಿಯಲ್ಲಿ ಅಳೆಯಲಾಗದು ಎಂದಿತು. ಎಲ್ಲರಿಗೂ ಒಟ್ಟಿಗೆ ವಾಪಸು ಸಿಗುವ ಆಸೆ ಅಲ್ಲಿಗೆ ಮುಗಿಯಿತು. ಆದರೂ ಕಷ್ಟದಲ್ಲಿರುವ ಗ್ರಾಹಕನನ್ನು ಸಹಾನುಭೂತಿಯಿಂದ ಕಾಣಬೇಕೆಂಬ ಬ್ಯಾಂಕುಗಳ ನಡಾವಳಿ ಉಳಿಯಿತು. ಕಷ್ಟದ ಪುರಾವೆ ತೋರಿಸಿ ಕೇಳಿದವರಿಗೆ ದಾರಿ ಮುಚ್ಚಲಿಲ್ಲ. 2020ರ ಏಪ್ರಿಲಿನಲ್ಲಿ ಅನುಮತಿಯಿಲ್ಲದ ಓವರ್‌ಡ್ರಾಫ್ಟಿಗೆ ಹೆಚ್ಚು ದರ ಹಾಕುವುದನ್ನೂ ದಿನಕ್ಕಿಷ್ಟು ಎಂದು ನಿಗದಿ ಶುಲ್ಕ ಹಾಕುವುದನ್ನೂ ಅಲ್ಲಿನ ನಿಯಂತ್ರಕರು ನಿಲ್ಲಿಸಿದರು.

ಬಡ್ಡಿಯ ಮೇಲಿನ ಬಡ್ಡಿ ಮರಳಿ ಬಂದದ್ದು

ನಮ್ಮ ದೇಶದಲ್ಲಿ ವಾಪಸು ಬಂದ ದೊಡ್ಡ ನಿದರ್ಶನ ಕೊರೋನಾ ಕಾಲದ್ದು. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಕಂತು ಮುಂದೆ ಹೋಯಿತು ಸರಿ, ಆದರೆ ಬಡ್ಡಿ ನಿಲ್ಲಲಿಲ್ಲ, ಅದರ ಮೇಲೆ ಬಡ್ಡಿಯೂ ಏರಿತು. ಗಾಯದ ಮೇಲೆ ಬರೆ ಎಳೆದಂತಾಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನಲ್ಲಿ ವಿಚಾರಣೆ ನಡೆದಿರುವಾಗಲೇ, 2020ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ 2 ಕೋಟಿ ರೂಪಾಯಿವರೆಗಿನ ಎಂಟು ಬಗೆಯ ಸಾಲಗಳಿಗೆ ಚಕ್ರಬಡ್ಡಿ ಮತ್ತು ಸರಳ ಬಡ್ಡಿಯ ನಡುವಿನ ಅಂತರವನ್ನು ಖಾತೆಗೆ ಜಮಾ ಮಾಡಿಸಿತು. ಕೃಷಿ ಸಾಲ ಆ ಎಂಟರಲ್ಲಿ ಇರಲಿಲ್ಲ. 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು ಸಾಲದ ಮೊತ್ತ ಎಷ್ಟೇ ಇರಲಿ, ಆ ಆರು ತಿಂಗಳ ಬಡ್ಡಿಯ ಮೇಲಿನ ಬಡ್ಡಿಯನ್ನು ಯಾರಿಂದಲೂ ತೆಗೆದುಕೊಳ್ಳಬಾರದು, ತೆಗೆದುಕೊಂಡಿದ್ದರೆ ಮರಳಿಸಬೇಕು ಅಥವಾ ಮುಂದಿನ ಕಂತಿಗೆ ಹೊಂದಿಸಬೇಕು ಎಂದು ಆದೇಶಿಸಿತು.

ಕೃಷಿ ಸಾಲದ ವಿಷಯದಲ್ಲಿ ಅದಕ್ಕೂ ಹಿಂದಿನ ಒಂದು ತೀರ್ಪು ನಮಗೆ ಆಸರೆ. 2001ರಲ್ಲಿ ರವೀಂದ್ರ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡು ಮಾತು ಹೇಳಿತು. ದಂಡದ ಬಡ್ಡಿಯನ್ನು ಅಸಲಿಗೆ ಸೇರಿಸಬಾರದು. ರೈತನ ಸಾಲಕ್ಕೆ ಬಡ್ಡಿ ಸೇರಿಸುವುದಾದರೆ ಆ ಸೀಮೆಯ ಬೆಳೆಯ ಆವರ್ತನೆ ನೋಡಿ ವರ್ಷಕ್ಕೋ ಆರು ತಿಂಗಳಿಗೋ ಒಮ್ಮೆ ಮಾತ್ರ ಸೇರಿಸಬೇಕು. ರೈತನಿಗೆ ತಿಂಗಳ ಪಗಾರ ಬರುವುದಿಲ್ಲ, ಸುಗ್ಗಿಗೆ ರೊಕ್ಕ ಬರುತ್ತದೆ ಎಂಬ ನಮ್ಮ ದಿನನಿತ್ಯದ ಸತ್ಯ ಹೀಗೆ ಕಾನೂನಿನ ಪುಸ್ತಕದಲ್ಲೂ ಸೇರಿತು. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಸಬಾರದು ಎಂದು ಬ್ಯಾಂಕುಗಳಿಗೆ ಸೂಚಿಸಿತು.

ಕೇಳುವುದು ಹೇಗೆ

ಇಷ್ಟು ಇತಿಹಾಸ ಹೇಳಿದ್ದು ಒಂದೇ ಮಾತಿಗಾಗಿ. ಕೇಳುವುದರಲ್ಲಿ ಎರಡು ಬಗೆ. ಮೊದಲನೆಯದು ಹಕ್ಕಿನ ಕೇಳಿಕೆ: ತಿಳಿಸದೆ ದಂಡ ಹಾಕಿದ್ದರೆ, ಮೂಲ ಉಳಿತಾಯ ಖಾತೆಗೆ ಹಾಕಿದ್ದರೆ, ನಿಷ್ಕ್ರಿಯ ಖಾತೆಗೆ ಹಾಕಿದ್ದರೆ, ಖಾತೆ ಮೈನಸ್ ಆಗುವಂತೆ ಹಾಕಿದ್ದರೆ ಅದು ನಿಯಮ ಮೀರಿದ್ದು, ವಾಪಸು ಕೊಡಲೇಬೇಕು. ಎರಡನೆಯದು ವಿನಂತಿಯ ಕೇಳಿಕೆ: ನಿಯಮದಂತೆಯೇ ಹಾಕಿದ್ದಾರೆ, ಆದರೆ ಮನೆಯಲ್ಲಿ ಸಾವು, ಆಸ್ಪತ್ರೆ, ಬೆಳೆನಾಶ. ಇಲ್ಲಿ ವಾಪಸು ಕೊಡುವುದು ಬ್ಯಾಂಕಿನ ವಿವೇಚನೆ. ಕೊಡಲೇಬೇಕೆಂದಿಲ್ಲ, ಆದರೆ ಕೇಳಿದರೆ ಕೊಟ್ಟಾರು. ಬಾಯಿಮಾತಿನಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟು ಎರಡನೇ ಪ್ರತಿಯ ಮೇಲೆ ಸಹಿ, ಸಿಕ್ಕಾ ಹಾಕಿಸಿಕೊಂಡರೆ ಅದು ಉಳಿಯುತ್ತದೆ. ಅರ್ಜಿ ಹೀಗಿದ್ದರೆ ಸಾಕು:

"ಶಾಖಾ ವ್ಯವಸ್ಥಾಪಕರಿಗೆ. ನನ್ನ ಉಳಿತಾಯ ಖಾತೆಯಿಂದ ಇಂಥ ತಾರೀಖುಗಳಂದು ಒಟ್ಟು ಇಷ್ಟು ರೂಪಾಯಿ ದಂಡ ಮುರಿದುಕೊಳ್ಳಲಾಗಿದೆ. ಇದರ ಬಗ್ಗೆ ನನಗೆ ಮುಂಚೆ ತಿಳಿಸಿದ ದಾಖಲೆ ಇದ್ದರೆ ತೋರಿಸಬೇಕು. ಇಂಥ ಕಾರಣದಿಂದ ನಾನು ಈಗ ಹಣದ ಕಷ್ಟದಲ್ಲಿದ್ದೇನೆ, ಪುರಾವೆ ಲಗತ್ತಿಸಿದ್ದೇನೆ. ಮುರಿದ ಹಣವನ್ನು ಮರಳಿ ಜಮಾ ಮಾಡಬೇಕೆಂದೂ, ನನ್ನ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಬೇಕೆಂದೂ ಕೋರುತ್ತೇನೆ. ಉತ್ತರವನ್ನು ಲಿಖಿತವಾಗಿ ಕೊಡಬೇಕು."

ಕೊನೆಯ ಎರಡು ವಾಕ್ಯ ಬಿಡಬಾರದು. ಖಾತೆ ಬದಲಾಗದಿದ್ದರೆ ಈ ತಿಂಗಳು ವಾಪಸು ಬಂದದ್ದು ಮುಂದಿನ ತಿಂಗಳು ಮತ್ತೆ ಹೋದೀತು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಈ ವ್ಯವಸ್ಥೆ 1995ರಲ್ಲಿ ಆರಂಭವಾಯಿತು. 2021ರ ನವೆಂಬರಿನಿಂದ ದೇಶಕ್ಕೆಲ್ಲ ಒಂದೇ ಕಡೆ ದೂರು ಸ್ವೀಕರಿಸುವ ಏರ್ಪಾಡಾಗಿದೆ. ಫೀ ಇಲ್ಲ, ವಕೀಲರೂ ಬೇಕಿಲ್ಲ. ಆದರೆ ತಡ ಮಾಡಬಾರದು. ದೂರಿಗೂ ಅವಧಿ ಇರುತ್ತದೆ. ಇನ್ನೊಂದು ಮಾತು: ಎಟಿಎಂನಲ್ಲಿ ಹಣ ಬಾರದೆ ಖಾತೆಯಲ್ಲಿ ಮಾತ್ರ ಮುರಿದಿದ್ದರೆ ಐದು ದಿನಗಳೊಳಗೆ ಮರಳಿ ಜಮಾ ಆಗಬೇಕು. ಆಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2019ರ ಸೆಪ್ಟೆಂಬರಿನಲ್ಲೇ ನಿಯಮವಾಗಿದೆ.

ನಮ್ಮ ವಹಿಯನ್ನೂ ತೆರೆಯೋಣ

ಬ್ಯಾಂಕಿನವರ ಕಡೆ ಬೆರಳು ತೋರಿಸಿ ಲೇಖನ ಮುಗಿಸಿದರೆ ನಮಗೆ ಶೋಭೆಯಲ್ಲ. ಸಹಕಾರಿ ಸಂಘಗಳಲ್ಲೂ ಸುಸ್ತಿ ಬಡ್ಡಿ ಇದೆ, ನೋಟಿಸ್ ಖರ್ಚು ಇದೆ, ವಸೂಲಿ ಖರ್ಚು ಇದೆ. ಇವೆಲ್ಲ ತಪ್ಪು ಎಂದು ನಾವು ಹೇಳುವುದಿಲ್ಲ. ತೆಗೆದುಕೊಂಡವರು ಕಟ್ಟದಿದ್ದರೆ ಸಂಘ ನಡೆಯುವುದು ಹೇಗೆ? ಕಟ್ಟಲು ಶಕ್ತಿಯಿದ್ದೂ ಕಟ್ಟದವನಿಗೆ ದಂಡ ಇರಲೇಬೇಕು. ಆದರೆ ಕಟ್ಟಲು ಇಲ್ಲದವನಿಗೂ, ಇದ್ದೂ ಕಟ್ಟದವನಿಗೂ ಒಂದೇ ಅಳತೆಗೋಲು ಹಿಡಿದರೆ ಸಂಘಕ್ಕೂ ಸಾಹುಕಾರನಿಗೂ ಏನು ಫರಕು ಉಳಿಯಿತು? ನಮ್ಮಂಥ ಹಳ್ಳಿಯ ಸಂಘಗಳು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕೆಳಗೆ ಬರುವುದಿಲ್ಲ. ತಕರಾರು ಬಂದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ನಿಬಂಧಕರ ಬಳಿ ಹೋಗಬೇಕು. ಬಡವ ಅಷ್ಟು ದೂರ ಹೋಗುವವನಲ್ಲ. ಆದ್ದರಿಂದ ನಮ್ಮ ಸಂಘದಲ್ಲಿ ನ್ಯಾಯ ನಮ್ಮ ಸಂಘದ ಮೇಜಿನ ಮೇಲೇ ಸಿಗಬೇಕು.

ಈ ಬೆಳ್ಳಿ ಹಬ್ಬದ ವರ್ಷದಲ್ಲಿ ನಮ್ಮದೊಂದು ಸೂಚನೆ ಇದೆ, ಸರ್ವಸದಸ್ಯರ ಸಭೆ ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಬರ, ನೆರೆ, ರೋಗ, ಮನೆಯ ದುಡಿಯುವವರ ಸಾವು ಇಂಥ ಕಾರಣದಿಂದ ಕಷ್ಟಕ್ಕೆ ಸಿಕ್ಕ ಸದಸ್ಯ ಒಂದು ಹಾಳೆಯ ಅರ್ಜಿ ಕೊಟ್ಟರೆ ಆಡಳಿತ ಮಂಡಳಿ ಮುಂದಿನ ಸಭೆಯಲ್ಲೇ ಅದನ್ನು ನೋಡಬೇಕು. ಅರ್ಜಿ ತೀರ್ಮಾನವಾಗುವವರೆಗೆ ಹೊಸ ದಂಡ ಸೇರಿಸಬಾರದು. ಹಿಂದೆ ಹಾಕಿದ್ದನ್ನು ಬಿಡುವುದಾದರೆ ಕಾರಣ ಬರೆದು ಬಿಡಬೇಕು, ಬಿಡದಿದ್ದರೂ ಕಾರಣ ಬರೆದು ತಿಳಿಸಬೇಕು. ದಂಡ ಹಾಕುವ ಮುಂಚೆ ಮನೆಗೆ ಒಂದು ಸಲ ಹೇಳಿಕಳಿಸಬೇಕು. ಸಂಘಕ್ಕೆ ಇದರಿಂದ ಆಗುವ ನಷ್ಟ ಬಹಳವಲ್ಲ. ಆದರೆ ಆ ಮನೆಯವರು ಮುಂದೆ ಯಾವತ್ತಿಗೂ ಸಂಘ ಬಿಟ್ಟು ಖಾಸಗಿ ಬಡ್ಡಿಯವರ ಬಾಗಿಲು ತಟ್ಟಲಾರರು.

ಕಣಗಿನಹಾಳದ ಹಿರಿಯರು ವಹಿಯನ್ನು ಎಲ್ಲರೆದುರು ತೆರೆದಿಟ್ಟ ಕಾಲದಿಂದ ನಾವು ಬಹಳ ದೂರ ಬಂದಿದ್ದೇವೆ. ವಹಿ ಹೋಗಿ ಕಂಪ್ಯೂಟರು ಬಂತು, ಹೆಬ್ಬೆಟ್ಟಿನ ಜಾಗಕ್ಕೆ ಓಟಿಪಿ ಬಂತು. ಆದರೂ ಲೆಕ್ಕ ತೋರಿಸಿರಿ ಎಂದು ಕೇಳುವ ಬಾಯಿಗೆ, ಕೂಡ್ರಪ್ಪಾ ತೋರಿಸ್ತೀವಿ ಎಂದು ಹೇಳುವ ಮನಸ್ಸು ಸಂಘದಲ್ಲಿ ಇರಬೇಕು. ಮುಂದಿನ ಇಪ್ಪತ್ತೈದು ವರ್ಷ ಸಂಘ ಆ ಮನಸ್ಸಿನಿಂದ ನಡೆಯಲಿ ಎಂದು ಹಾರೈಸುತ್ತೇವೆ.